ಹೋದ ಸಲದ್ದು ಹೇಗೆ ಕೂತಿದೆ?

9 ಜೂನ್

ಪ್ರೀತಿಯ ತಂಗಿ,

ಫೋನಿನಲ್ಲಿ ನಾವಿಬ್ಬರೂ ಮಾತು ಶುರು ಮಾಡುತ್ತೇವೆ, ಅಳುವುದರಲ್ಲಿ ಮುಗಿಸುತ್ತೇವೆ. ಹೇಳಬೇಕಾದ್ದು ಹಾಗೇ ಉಳಿದುಬಿಡುತ್ತದೆ. "ಅತ್ತಿಗೆ, ಪತ್ರ ಬರೀರಿ. ಕಾಗದ ಒದ್ದೆಯಾದ್ರೂ ವಿಷಯ ಬಂದು ತಲುಪುತ್ತೆ" ಎಂದು ನೀನೇ ಹೇಳಿದೆಯಲ್ಲ, ಅದಕ್ಕೇ ಕೂತಿದ್ದೇನೆ. ದಿನಚರಿ ಬರೆದು ಅಭ್ಯಾಸವಿದೆ, ಇನ್ನೊಬ್ಬರು ಓದುತ್ತಾರೆಂದು ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ಹೊಂದಿಸಿಕೊಂಡು ಓದು.

ಕೆಲಸದ ಕೋಣೆ ನಿನ್ನ ಅಣ್ಣ ತೀರಿಕೊಂಡ ದಿನ ಹೇಗಿತ್ತೋ ಹಾಗೇ ಇದೆ. ಕಿಟಕಿಯ ಕೆಳಗೆ ನನ್ನ ಬೆಂಚು, ಬಾಗಿಲ ಬಳಿ ಅವರದು. ಮೇಣ ಕರಗಿಸುವ ದೀಪ, ಪ್ಲಾಸ್ಟರಿನ ಡಬ್ಬ, ಮೂಲೆಯಲ್ಲಿ ಎರಕದ ಕುಲುಮೆ. ಶೆಲ್ಫಿನ ಮೇಲೆ ನಿನ್ನ ಹಲ್ಲಿನ ಪ್ಲಾಸ್ಟರ್ ಅಚ್ಚೂ ಇದೆ, ಮುಂದಿನ ಹಲ್ಲು ಮುಕ್ಕಾಗಿರುವುದು. ದೂಳು ಹೊಡೆಯುವಾಗ ಅದನ್ನು ಮಾತ್ರ ಕೈಯಲ್ಲಿ ಹಿಡಿದು ಒರೆಸಿ ಮತ್ತೆ ಅದೇ ಜಾಗದಲ್ಲಿಡುತ್ತೇನೆ.

ನಮ್ಮ ಕೆಲಸ ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ಯಾಕೆಂದರೆ ಈಗ ಅದನ್ನು ನಾನೇ ಹೊಸದಾಗಿ ನೋಡಬೇಕಾಗಿದೆ. ಹಲ್ಲಿನ ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆಯುತ್ತಾರೆ. ನಿನ್ನ ಅಣ್ಣ ಬೆಳಿಗ್ಗೆ ಡಬ್ಬಿ ಹಿಡಿದು ಕ್ಲಿನಿಕ್ಕುಗಳಿಗೆ ಹೋಗಿ ಅಚ್ಚು ತರುತ್ತಿದ್ದರು. ಪ್ಲಾಸ್ಟರ್ ಹೊಯ್ದು ನನ್ನ ಮುಂದೆ ಇಡುತ್ತಿದ್ದರು. ನಾನು ಮೇಣದಲ್ಲಿ ಹಲ್ಲು ಕೆತ್ತುತ್ತಿದ್ದೆ. ಅದನ್ನು ಅವರು ಲೋಹದಲ್ಲಿ ಎರಕ ಹೊಯ್ದು, ಮೇಲೆ ಹಲ್ಲಿನ ಬಣ್ಣ ನಾನು ಹಚ್ಚಿ ಸುಟ್ಟಮೇಲೆ, ಸಂಜೆ ಹೋಗಿ ಕೊಟ್ಟು ಬರುತ್ತಿದ್ದರು. ಊರಿನ ಡಾಕ್ಟರುಗಳಿಗೆಲ್ಲ ಅವರು ಗೊತ್ತು. ನಾನು ಗೊತ್ತಿಲ್ಲ. ಎಲ್ಲ ಹಲ್ಲೂ ಅವರೇ ಮಾಡುತ್ತಾರೆ ಎಂದೇ ಎಲ್ಲರೂ ತಿಳಿದಿದ್ದರು. ನಮಗೂ ಅದನ್ನು ತಿದ್ದುವ ಅಗತ್ಯ ಕಂಡಿರಲಿಲ್ಲ.

ಈಗ ಅಚ್ಚು ಬರುವುದು ದಿನದಿನಕ್ಕೆ ಕಡಿಮೆಯಾಗುತ್ತಿದೆ. ನಮ್ಮಂತೆಯೇ ಹಲ್ಲು ಮಾಡುವ ದೊಡ್ಡ ರಸ್ತೆಯ ಲ್ಯಾಬಿನ ಯಜಮಾನರು ಹೋದ ವಾರ ಬಂದಿದ್ದರು. ನಾನು ಬೇಡ ಎನ್ನುವುದರೊಳಗೆ ನಿನ್ನ ಅಣ್ಣನ ಸ್ಟೂಲಿನ ಮೇಲೆ ಕೂತೇಬಿಟ್ಟರು. "ನಮ್ಮಲ್ಲಿಗೆ ಬನ್ನಿ ಅಮ್ಮ. ಬೆಳಿಗ್ಗೆ ಬನ್ನಿ, ಸಂಜೆ ಹೋಗಿ, ಮಿಕ್ಕ ತಲೆನೋವು ನಮಗಿರಲಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ವರ್ಷ ಮುಗಿಯುವುದರೊಳಗೆ ಉತ್ತರ ಬೇಕಂತೆ, ಹೊಸ ಬೆಂಚು ಹಾಕಿಸುತ್ತಿದ್ದಾರೆ. ಒಪ್ಪಿದರೆ ಈ ಕೋಣೆ ಮುಚ್ಚಬೇಕು. ನನಗೆ ಮುಚ್ಚಲು ಇಷ್ಟವಿಲ್ಲ. ಸದ್ಯಕ್ಕೆ ನನಗೆ ಖಚಿತವಾಗಿ ಗೊತ್ತಿರುವುದು ಅದೊಂದೇ.

ನಿನ್ನೆ ಮೊದಲ ಸಲ ನಾನೇ ಡಬ್ಬಿ ಹಿಡಿದು ಹೊರಟೆ. ಔಷಧಿ ಅಂಗಡಿಯ ಮೇಲಿರುವ ಕ್ಲಿನಿಕ್ಕಿನಲ್ಲಿ ನರ್ಸಮ್ಮ ಒಬ್ಬರಿದ್ದಾರೆ. "ನಿಮ್ಮೆಜಮಾನ್ರು ಹೋದ್ಮೇಲೆ ಕೆಲಸ ಯಾರು ಮಾಡ್ತಾರೆ?" ಎಂದು ಕೇಳಿದರು. "ನಾನು" ಎಂದು ಹೇಳಬೇಕು ತಾನೇ. "ಆಗುತ್ತೆ" ಎಂದು ಹೇಳಿ ಮೆಟ್ಟಿಲಿಳಿದು ಬಂದುಬಿಟ್ಟೆ. ಕೆಳಗೆ ಬಂದಮೇಲೆ ನೋಡುತ್ತೇನೆ, ಡಬ್ಬಿ ಮೇಲೇ ಉಳಿದಿದೆ. ಮತ್ತೆ ಹತ್ತಿ ಹೋಗಬೇಕಾಯಿತು.

ನಿನ್ನ ಅಣ್ಣನ ಬಾಯಿ ನನಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಮಾತು ಕಲಿಯುವುದು ಹೇಗೆ, ನೀನಾದರೂ ಹೇಳು.

ನಿನ್ನ ಅತ್ತಿಗೆ


20 ಜೂನ್

ಅತ್ತಿಗೆ,

ಎರಡನೆಯ ಸಲ ಮೆಟ್ಟಿಲು ಹತ್ತಿದಿರಲ್ಲ, ಅರ್ಧ ಕೆಲಸ ಅಲ್ಲೇ ಆಯಿತು. ನಾನು ಹೊಲಿಗೆ ಯಂತ್ರ ಮಾರುವುದಕ್ಕೆ ಶುರು ಮಾಡಿದಾಗ ಮೊದಲ ತಿಂಗಳು ಬಾಗಿಲು ತಟ್ಟಿ, ಯಾರೂ ತೆಗೆಯದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಈಗ ನೋಡಿ, ಮೂರು ಊರಿನ ಮಾರಾಟ ನನ್ನ ಕೈಯಲ್ಲಿದೆ. ಬಸ್ಸಿನಲ್ಲಿ ಪಕ್ಕ ಕೂತವರ ವಿಳಾಸವೂ ಇಳಿಯುವಷ್ಟರಲ್ಲಿ ನನ್ನ ಹತ್ತಿರ ಇರುತ್ತದೆ.

ಕೇಳಿ. ಮನೆಯಲ್ಲಿ ಕೂತರೆ ಯಾರೂ ಬರುವುದಿಲ್ಲ. ಜನ ಸೇರುವ ಕಡೆ ಹೋಗಬೇಕು. ಹಲ್ಲಿನ ಡಾಕ್ಟರುಗಳು ವರ್ಷಕ್ಕೊಮ್ಮೆ ಒಂದು ಕಡೆ ಸೇರುತ್ತಾರೆ ಎಂದು ಅಣ್ಣ ಹೇಳುತ್ತಿದ್ದ. ಅಲ್ಲಿಗೆ ಹೋಗಿ. ಕೈಗೆ ಕಾರ್ಡು ಕೊಡಿ, ಮನೆಯವರೆಲ್ಲ ಹೇಗಿದ್ದಾರೆ ಎಂದು ಕೇಳಿ, ಏನಾದರೊಂದು ಹೊಗಳಿ. ಅವರು ನಕ್ಕರೆ ನೀವೂ ನಗಿ. ಒಂದು ಮುಖ್ಯ ವಿಷಯ. ಮಾತಾಡುವಾಗ ಕಣ್ಣು ನೋಡಿ ಮಾತಾಡಿ. ನೀವು ಎಲ್ಲರ ಹಲ್ಲು ನೋಡುತ್ತೀರಿ. ನಿಮ್ಮ ಮದುವೆಯ ದಿನವೇ ನನ್ನ ಹಲ್ಲು ನೋಡಿದಿರಿ, ನನಗೆ ಗೊತ್ತು.

ಕಾರ್ಡು ನಾನೇ ಅಚ್ಚು ಹಾಕಿಸಿ ಕಳಿಸಿದ್ದೇನೆ. "ಎಲ್ಲ ಬಗೆಯ ಹಲ್ಲುಗಳನ್ನು ಮಾಡಿಕೊಡಲಾಗುತ್ತದೆ" ಎಂದು ಹಾಕಿಸಿದೆ. ಅಂಗಡಿಯವನು "ಹಾವಿನದ್ದೂನಾ?" ಎಂದ.

ನನ್ನ ಮುಕ್ಕು ಹಲ್ಲು ನನಗೆ ಎಷ್ಟು ಉಪಕಾರ ಮಾಡಿದೆ ಗೊತ್ತೇ? ಒಮ್ಮೆ ನೋಡಿದ ಗಿರಾಕಿ ಮರೆಯುವುದಿಲ್ಲ. ಉಯ್ಯಾಲೆಯಿಂದ ನನ್ನನ್ನು ಬೀಳಿಸಿದವನು ಅಣ್ಣನೇ, ಸರಿ ಮಾಡಿಸಿಕೋ ಎಂದು ಪ್ರತಿ ವರ್ಷ ಗೋಗರೆದವನೂ ಅವನೇ. ನಾನು ಒಪ್ಪಲಿಲ್ಲ. ಒಪ್ಪಿದ್ದರೆ ಅವನಿಗೆ ಗೋಗರೆಯಲು ಏನಿರುತ್ತಿತ್ತು?

ಹೋಗಿ ಬನ್ನಿ. ಅಣ್ಣ ಹೇಗೆ ಮಾತಾಡುತ್ತಿದ್ದ, ನೆನಪು ಮಾಡಿಕೊಂಡು ಹಾಗೇ ಮಾತಾಡಿ.

ನಿಮ್ಮ ನಾದಿನಿ


18 ಆಗಸ್ಟ್

ಪ್ರೀತಿಯ ತಂಗಿ,

ಇಷ್ಟು ದಿನ ಬರೆಯದೆ ಇದ್ದುದಕ್ಕೆ ಬೇಸರ ಮಾಡಿಕೊಳ್ಳಬೇಡ. ಬರೆಯುವಂಥದ್ದು ನಡೆಯಲಿಲ್ಲ, ಬರೆಯಬಾರದಂಥದ್ದು ನಡೆಯಿತು.

ಸಭೆಗೆ ಹೋದೆ. ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಚೀಲದ ತುಂಬ ನಿನ್ನ ಕಾರ್ಡು ತುಂಬಿಕೊಂಡು ಹೋದೆ. ದೊಡ್ಡ ಹೋಟೆಲಿನ ಸಭಾಂಗಣ. ಗೋಡೆಯುದ್ದಕ್ಕೂ ಹಲ್ಲಿನ ಕುರ್ಚಿ, ಔಷಧಿ, ಯಂತ್ರ ಮಾರುವವರ ಮೇಜುಗಳು. ಎಲ್ಲರೂ ಒಬ್ಬರಿಗೊಬ್ಬರು ಪರಿಚಯ. ನಾನು ಒಬ್ಬ ಡಾಕ್ಟರಿಗೆ ಕಾರ್ಡು ಕೊಟ್ಟು, ಮನೆಯವರೆಲ್ಲ ಹೇಗಿದ್ದಾರೆ ಎಂದು ಕೇಳಿದೆ. "ಯಾರ ಮನೆಯವರು?" ಎಂದರು. ಇನ್ನೊಬ್ಬರು ಕಾರ್ಡು ತೆಗೆದುಕೊಂಡು ತುಂಬ ಮರ್ಯಾದೆಯಿಂದ ತಮ್ಮ ಟೀ ಲೋಟದ ಕೆಳಗೆ ಇಟ್ಟರು. ಮೇಜು ಒದ್ದೆಯಾಗಿತ್ತು.

ಹಾಗೇ ಹೊರಟುಬಂದಿದ್ದರೆ ಚೆನ್ನಾಗಿತ್ತು. ಬಾಗಿಲ ಹತ್ತಿರ ಹಿರಿಯ ಡಾಕ್ಟರು ನಿಂತಿದ್ದರು. ನಮ್ಮ ಅರ್ಧದಷ್ಟು ಕೆಲಸ ಅವರ ಕ್ಲಿನಿಕ್ಕಿನಿಂದಲೇ ಬರುತ್ತಿತ್ತು. ಪಕ್ಕದಲ್ಲಿ ಅವರ ಹೆಂಡತಿ, ಸುತ್ತ ನಾಲ್ಕಾರು ಜನ. ಯಾರೋ ಏನೋ ಹೇಳಿದರು, ಆಕೆ ನಕ್ಕರು. ಆಗ ಕಂಡಿತು. ಮೇಲ್ಸಾಲಿನ ಮುಂದಿನ ಹಲ್ಲು, ಅಂಚಿನಲ್ಲಿ ಒಂದು ಸಣ್ಣ ಓರೆ. ಪಕ್ಕದ ಹಲ್ಲಿಗೆ ಹೊಂದಲಿ ಎಂದು ಆ ಓರೆ ತರಲು ಎಷ್ಟು ಮೇಣ ಕೆಡಿಸಿದ್ದೆ. ತಂಗಿ, ಇಷ್ಟು ವರ್ಷ ನಾನು ಮಾಡಿದ ಹಲ್ಲುಗಳನ್ನು ಪ್ಲಾಸ್ಟರಿನ ಮೇಲೆ ಬಿಟ್ಟರೆ ಬೇರೆಲ್ಲೂ ನೋಡಿದವಳಲ್ಲ. ಅದು ಒಂದು ಬಾಯಲ್ಲಿ ನಗುತ್ತಿರುವುದನ್ನು ಕಂಡದ್ದು ಅದೇ ಮೊದಲು. ನನಗೆ ಆದ ಸಂತೋಷದಲ್ಲಿ ಎಲ್ಲಿದ್ದೇನೆ ಎಂಬುದೇ ಮರೆತುಹೋಯಿತು.

"ಅಯ್ಯೋ, ಇದು ನಮ್ಮ ಹಲ್ಲು" ಎಂದೆ.

ಗಟ್ಟಿಯಾಗಿಯೇ ಅಂದಿರಬೇಕು. ಆಕೆಯ ಬಾಯಿ ಡಬ್ಬಿಗೆ ಮುಚ್ಚಳ ಹಾಕಿದ ಹಾಗೆ ಮುಚ್ಚಿಕೊಂಡಿತು. ಪಕ್ಕದಲ್ಲಿದ್ದವರೊಬ್ಬರು "ಏನ್ ಮೇಡಂ, ಬಾಡಿಗೆ ಎಷ್ಟು ಕೊಡ್ತೀರಿ?" ಎಂದು ತಮಾಷೆ ಮಾಡಿದರು. ಯಾರೂ ನಗಲಿಲ್ಲ, ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕರು. ಅದು ಕಟ್ಟಿದ ಹಲ್ಲು ಎಂದು ಆವರೆಗೆ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಿರಿಯ ಡಾಕ್ಟರು ಕೂಗಾಡುವ ಮನುಷ್ಯರಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ನಿಮ್ಮ ಯಜಮಾನರು ಇಷ್ಟು ವರ್ಷ ನಮ್ಮಲ್ಲಿಗೆ ಬಂದ್ರು. ಒಬ್ಬ ಪೇಷಂಟಿನ ವಿಷಯ ಅವರ ಬಾಯಿಂದ ಹೊರಗೆ ಬಿದ್ದಿದ್ದಿಲ್ಲ."

ಮಾರನೆಯ ದಿನದಿಂದ ಅವರ ಕ್ಲಿನಿಕ್ಕಿನ ಅಚ್ಚು ಬರುತ್ತಿಲ್ಲ. ಕ್ಷಮೆ ಕೇಳಿ ಒಂದು ಚೀಟಿ ಕಳಿಸಿದೆ. ತಲುಪಿದೆ ಎಂದಷ್ಟೇ ಗೊತ್ತು. ಕಾರ್ಡು ಇನ್ನೂ ಬಹಳ ಉಳಿದಿವೆ. ಅವುಗಳ ಹಿಂದೆ ಯಾವ ಹಲ್ಲಿಗೆ ಯಾವ ಬಣ್ಣ ಎಂದು ಬರೆದುಕೊಳ್ಳುತ್ತಿದ್ದೇನೆ, ಕಾಗದ ದಪ್ಪಗಿದೆ.

ನಿನ್ನ ಅತ್ತಿಗೆ


25 ಆಗಸ್ಟ್

ಅತ್ತಿಗೆ,

ಮೊದಲು ನಕ್ಕೆ. ಆಮೇಲೆ ನಾನು ಬರೆದ ಸಲಹೆಗಳನ್ನೆಲ್ಲ ನೆನಪು ಮಾಡಿಕೊಂಡೆ. ತಪ್ಪು ನಿಮ್ಮದಲ್ಲ, ನನ್ನದು. ನನ್ನ ಅಂಗಿಯನ್ನು ನಿಮಗೆ ತೊಡಿಸಿ ಕಳಿಸಿದೆ.

ಈಗ ನಿಜ ಹೇಳುತ್ತೇನೆ, ಸಿಟ್ಟಾಗಬೇಡಿ. ದೊಡ್ಡ ರಸ್ತೆಯ ಲ್ಯಾಬಿಗೆ ಒಪ್ಪಿಕೊಳ್ಳಿ. ನಿಮ್ಮ ಕೈಗೆ ಕೆಲಸ ಇರುತ್ತದೆ, ಬಾಯಿಗೆ ಕೆಲಸ ಇರುವುದಿಲ್ಲ. ಜನರನ್ನು ಒಲಿಸಿಕೊಳ್ಳುವ ಕಲೆ ಅಣ್ಣನಿಗಿತ್ತು. ಎಲ್ಲಿ ಹೋದರೂ ಹತ್ತು ಕಥೆ ಹೇಳಿ ನಗಿಸಿ ಬರುತ್ತಿದ್ದ. ಅದು ಎಲ್ಲರಿಗೂ ಬರುವುದಿಲ್ಲ. ಬಾರದಿದ್ದರೆ ಅವಮಾನವೇನಿಲ್ಲ.

ಅಂದಹಾಗೆ ಅವನ ಕನ್ನಡಕ ಎಲ್ಲಿದೆ? ಬೇಕಾಗಿತ್ತು ಎಂದಲ್ಲ. ಎಲ್ಲಿದೆ ಎಂದು ಗೊತ್ತಿದ್ದರೆ ಸಾಕು.

ನಿಮ್ಮ ನಾದಿನಿ


6 ಅಕ್ಟೋಬರ್

ಪ್ರೀತಿಯ ತಂಗಿ,

ಕನ್ನಡಕ ಅವರ ಬೆಂಚಿನ ಡ್ರಾಯರಿನಲ್ಲಿ, ಮೇಣದ ಚಾಕುವಿನ ಪಕ್ಕದಲ್ಲಿದೆ. ಗಾಜಿನ ಮೇಲೆ ಪ್ಲಾಸ್ಟರಿನ ಚುಕ್ಕೆಗಳಿವೆ. ಒರೆಸಿಲ್ಲ.

ನಿನ್ನ ಮಾತಿಗೆ ಸಿಟ್ಟು ಬರಲಿಲ್ಲ. ಒಪ್ಪಿಕೊಳ್ಳೋಣ ಎಂದೇ ಅಂದುಕೊಂಡಿದ್ದೆ. ಉಳಿದ ಕೆಲಸ ಮುಗಿಸಿ ಕೊಟ್ಟು, ಎಲ್ಲರಿಗೂ ಹೇಳಿ ಬರೋಣ ಎಂದು ಔಷಧಿ ಅಂಗಡಿಯ ಮೇಲಿನ ಕ್ಲಿನಿಕ್ಕಿಗೆ ಹೋದೆ. ಅಲ್ಲಿನ ಡಾಕ್ಟರಮ್ಮ ಒಳಗೆ ಕೆಲಸದಲ್ಲಿದ್ದರು. ನರ್ಸಮ್ಮನ ಎದುರು ಸುಮ್ಮನೆ ಕೂರಲಾಗದೆ, ನೀನು ಹೇಳಿದ ಹಾಗೆ, ಮನೆ, ಮಕ್ಕಳು, ಬಿಸಿಲು ಎಂದು ಒಂದೊಂದೇ ಎತ್ತಿದೆ. ಆಕೆ ಹತ್ತಿ ಸುತ್ತುತ್ತಾ ಸ್ವಲ್ಪ ಹೊತ್ತು ಸಹಿಸಿಕೊಂಡರು.

"ನಿಮಗೆ ಮಾತು ಬರಲ್ಲ ಅಲ್ವಾ?" ಎಂದರು.

"ಬರಲ್ಲ" ಎಂದೆ.

"ಮತ್ಯಾಕೆ ಕಷ್ಟಪಡ್ತೀರಿ? ನಿಮ್ಮೆಜಮಾನ್ರು ಹೀಗಿರ್ಲಿಲ್ಲಪ್ಪ."

"ಅವರು ತುಂಬಾ ತಮಾಷೆ ಮಾಡೋರು" ಎಂದೆ.

ನರ್ಸಮ್ಮ ಹತ್ತಿ ಕೆಳಗಿಟ್ಟು ನನ್ನ ಮುಖ ನೋಡಿದರು. "ಯಾರು, ಅವರಾ? ಮೊದಮೊದಲು ನಾನು ಮೂಗರು ಅಂತ ಅಂದ್ಕೊಂಡಿದ್ದೆ. ಆ ಕುರ್ಚಿ ಮೇಲೆ ಬಂದು ಕೂತ್ಕೊಳ್ಳೋರು. ಡಾಕ್ಟ್ರು ಕೈ ತೊಳೆಯೋಕೆ ಬಂದಾಗ ಒಂದೇ ಮಾತು. 'ಹೋದ ಸಲದ್ದು ಹೇಗೆ ಕೂತಿದೆ?' ಅಷ್ಟೇ. ಚೆನ್ನಾಗಿದೆ ಅಂದ್ರೆ ನಂಬ್ತಿರ್ಲಿಲ್ಲ. ಎಲ್ಲಿ ಚೆನ್ನಾಗಿದೆ ಅಂತ ಕೇಳೋರು. ಡಾಕ್ಟ್ರು ಬೇಸತ್ತು ಕೊನೆಗೆ ಪೇಷಂಟನ್ನೇ ನೆನಪು ಮಾಡ್ಕೊಂಡು ಹೇಳೋರು. ಕೇಳಿಸ್ಕೊಂಡು ಡಬ್ಬಿ ತಗೊಂಡು ಹೋಗೋರು."

ತಂಗಿ, ಮನೆಯಲ್ಲಿ ಅವರು ಹಾಗಿರಲಿಲ್ಲ. ಊಟಕ್ಕೆ ಕೂತರೆ ನಿನ್ನ ಅಣ್ಣನ ಬಾಯಿ ನಿಲ್ಲುತ್ತಿರಲಿಲ್ಲ. "ಆ ಬಲಗಡೆ ಹಲ್ಲಿನ ಕ್ಯಾಪು ಸ್ವಲ್ಪ ಎತ್ತರ ಆಯ್ತಂತೆ ಕಣೇ, ಅವರು ಮೂರು ದಿನ ಒಂದೇ ಕಡೆ ಅಗಿದ್ರಂತೆ." "ಆ ಅಜ್ಜಿಗೆ ಹೊಸ ಹಲ್ಲಿನ ಸೆಟ್ಟು ಹಾಕಿದ್ಮೇಲೆ ಸೊಸೇನ ಬೈಯೋಕೆ ಇನ್ನೂ ಸಲೀಸಾಯ್ತಂತೆ." ಎಲ್ಲರನ್ನೂ ಅಣಕಿಸಿ ತೋರಿಸುತ್ತಿದ್ದರು. ಯಾರ ಹೆಸರೂ ಹೇಳುತ್ತಿರಲಿಲ್ಲ, ಈಗ ನೆನಪಾಗುತ್ತದೆ. ನಾನು ಅದನ್ನು ಹರಟೆ ಎಂದುಕೊಂಡಿದ್ದೆ. ಮಾರನೆಯ ದಿನ ಬೆಂಚಿಗೆ ಕೂತಾಗ ನನ್ನ ಕೈ ತಾನಾಗಿ ಆ ಎತ್ತರ ತಗ್ಗಿಸುತ್ತಿತ್ತು. ಹೊರಗೆ ಒಂದು ಮಾತು ಕೇಳಿ, ಉಳಿದ ಮಾತನ್ನೆಲ್ಲ ಮನೆಗೆ ತರುತ್ತಿದ್ದರು.

ಅಷ್ಟರಲ್ಲಿ ಡಾಕ್ಟರಮ್ಮ ಕೈ ತೊಳೆಯಲು ಬಂದರು. ಕೆಲಸ ಬಿಡುತ್ತೇನೆಂದು ಹೇಳಲು ಹೋದವಳು, "ಹೋದ ಸಲದ್ದು ಹೇಗೆ ಕೂತಿದೆ?" ಎಂದು ಕೇಳಿಬಿಟ್ಟೆ.

ಅವರು ನಲ್ಲಿ ನಿಲ್ಲಿಸಿದರು. "ಯಾರೂ ಕೇಳ್ತಿಲ್ಲ ಅಂತ ನಾನೂ ಹೇಳೋದು ಬಿಟ್ಟಿದ್ದೆ" ಎಂದರು. "ಕೂತಿಲ್ಲ. ಕೆನ್ನೆ ಕಚ್ಕೋತಿದ್ದಾರೆ. ಈಗ ಕುರ್ಚಿ ಮೇಲೇ ಇದ್ದಾರೆ, ನೀವೇ ನೋಡ್ತೀರಾ?"

ಕುರ್ಚಿಯಲ್ಲಿ ವಯಸ್ಸಾದ ಮೇಷ್ಟ್ರೊಬ್ಬರು ಬಾಯಿ ತೆರೆದು ಮಲಗಿದ್ದರು. ನನ್ನನ್ನೂ ಡಾಕ್ಟರೆಂದೇ ತಿಳಿದು ಕಣ್ಣಲ್ಲೇ ನಮಸ್ಕಾರ ಮಾಡಿದರು. ಬಾಯಿ ಪ್ಲಾಸ್ಟರಿನ ಹಾಗೆ ಸುಮ್ಮನಿರುವುದಿಲ್ಲ ತಂಗಿ. ಅಲುಗುತ್ತದೆ, ನುಂಗುತ್ತದೆ, ಹೆದರುತ್ತದೆ. ನಾನು ಹಲ್ಲಿನ ಹೊರಮೈಯನ್ನು ಒಂದಿಷ್ಟು ಉಬ್ಬಿಸಿ ಕೆತ್ತಿದ್ದೆ, ನೋಡಲು ಚೆಂದವಾಗಿರಲೆಂದು. ಕೆನ್ನೆಗೆ ಜಾಗವೇ ಇರಲಿಲ್ಲ. ಡಾಕ್ಟರಮ್ಮನಿಗೆ ಅದನ್ನು ತೋರಿಸಿದೆ. "ಹೌದಲ್ಲ" ಎಂದರು. ಅಚ್ಚು ತೆಗೆಯುವಾಗ ಕೆನ್ನೆಯನ್ನು ತಾವು ಹೆಚ್ಚು ಎಳೆದಿದ್ದನ್ನು ಅವರೂ ಹೇಳಿದರು.

ವಾಪಸು ತೆಗೆದುಕೊಂಡು ಬಂದು ಹೊಸದು ಮಾಡಿ ಕೊಟ್ಟೆ. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ಕೇಳಿದರು: "ಇದನ್ನ ಕೆತ್ತಿದ್ದು ಯಾರು?"

"ನಾನು."

"ಮೊದಲಿಂದಾನೂ?"

"ಮೊದಲಿಂದಾನೂ."

"ಹಾಗಾದ್ರೆ ಕೆಲಸ ನಿಂತಿಲ್ಲ" ಎಂದು ಹೇಳಿ, ಎರಡು ಹೊಸ ಅಚ್ಚು ಡಬ್ಬಿಗೆ ಹಾಕಿದರು.

ನಾನು ಕೆಲಸ ಬಿಡುತ್ತಿಲ್ಲ.

ನಿನ್ನ ಅತ್ತಿಗೆ


2 ನವೆಂಬರ್

ಅತ್ತಿಗೆ,

ನಿಮ್ಮ ಪತ್ರ ಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೇನೆ. ನನ್ನ ಅಣ್ಣ ಮೂಗನಂತೆ. ಆ ನರ್ಸಮ್ಮ ಬೇರೆ ಯಾರನ್ನೋ ನೋಡಿರಬೇಕು ಎಂದೇ ಮೊದಲು ಅಂದುಕೊಂಡೆ. ಉಯ್ಯಾಲೆ ತೂಗುವಾಗಲೂ ಅವನು ಮಾತಾಡುತ್ತಲೇ ಇದ್ದ, ಮಾತಿನ ಭರದಲ್ಲಿ ನಾನು ಕೈ ಬಿಟ್ಟದ್ದೇ ಅವನಿಗೆ ತಿಳಿಯಲಿಲ್ಲ. ಅವನಿಂದಲೇ ನಾನು ಮಾತು ಕಲಿತದ್ದು ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೇನೆ. ಮನೆಯವರ ಪಾಲಿನ ಮಾತನ್ನು ತೆಗೆದುಕೊಂಡು ಹೋಗಿ ನಾನು ಬೀದಿಯಲ್ಲಿ ಮಾರಿದೆ ಅನ್ನಿಸುತ್ತದೆ.

ಒಂದು ಪ್ರಯೋಗ ಮಾಡಿದೆ. ಹೋದ ವರ್ಷ ಯಂತ್ರ ಮಾರಿದ್ದ ಒಂದು ಮನೆಗೆ ಹೋದೆ. ಬಾಗಿಲು ತೆಗೆದ ಹೆಂಗಸು "ಈಗೇನ್ ಮಾರೋಕೆ ಬಂದ್ರಿ?" ಎಂದಳು.

"ಏನೂ ಇಲ್ಲ. ಯಂತ್ರ ಹೇಗೆ ನಡೀತಿದೆ ಅಂತ ಕೇಳ್ಕೊಂಡು ಹೋಗೋಣ ಅಂತ."

"ಕೆಟ್ಟೋಗಿದೆ ಅಂದ್ರೆ ದುಡ್ಡು ವಾಪಸ್ ಕೊಡ್ತೀರಾ?"

"ಇಲ್ಲ. ಕೂತ್ಕೊಂಡು ನೋಡ್ತೀನಿ."

ಯಂತ್ರ ಕೆಟ್ಟಿರಲಿಲ್ಲ ಅತ್ತಿಗೆ. ಅದರ ಮೇಲೆ ಬಟ್ಟೆ ಹೊದಿಸಿ ಹೂದಾನಿ ಇಟ್ಟಿದ್ದಳು. ಕೆಳಗಿನ ದಾರ ಏರಿಸುವುದೇ ಆಕೆಗೆ ಗೊತ್ತಿರಲಿಲ್ಲ. ಮಾರುವ ದಿನ ನಾನು ಅಷ್ಟೊಂದು ಮಾತಾಡಿದ್ದೇನೆ, ಅದೊಂದನ್ನು ತೋರಿಸಿರಲಿಲ್ಲ. ಕೇಳಲು ಆಕೆಗೆ ನಾಚಿಕೆ. ಮಧ್ಯಾಹ್ನ ಪೂರ್ತಿ ಅಲ್ಲೇ ಕೂತು ಕಲಿಸಿದೆ. ದಿಂಬಿನ ಚೀಲವೊಂದನ್ನು ಸೊಟ್ಟಪಟ್ಟಗೆ ಹೊಲಿದು ನನಗೇ ಕೊಟ್ಟಳು. ಸಂಜೆ ಮ್ಯಾನೇಜರು "ಇವತ್ತು ಎಷ್ಟು ಹೋಯ್ತು?" ಎಂದರು. "ಒಂದೂ ಇಲ್ಲ" ಎಂದೆ. ಹಾಗೆ ಹೇಳುವಾಗ ನಗು ಬರುತ್ತಿತ್ತು. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಇನ್ನೊಂದು ಮಾತು. ಇಲ್ಲಿ ಎಲ್ಲರೂ ನನ್ನನ್ನು ಮೇಡಂ ಎನ್ನುತ್ತಾರೆ. ವಿಳಾಸಗಳು ನೂರಾರಿವೆ. ಆದರೆ ಮುಕ್ಕಿ ಎಂದು ಕರೆಯುತ್ತಿದ್ದವನು ಅಣ್ಣನೊಬ್ಬನೇ. ಆ ಹೆಸರು ಕರೆಯಲು ಈಗ ಯಾರೂ ಇಲ್ಲ. ಇದಕ್ಕೆ ಉತ್ತರ ಬರೆಯಬೇಡಿ.

ನಿಮ್ಮ ನಾದಿನಿ


14 ಡಿಸೆಂಬರ್

ಪ್ರೀತಿಯ ತಂಗಿ,

ದಿಂಬಿನ ಚೀಲ ತಲುಪಿತು. ನೀನು ಯಾಕೆ ಕಳಿಸಿದೆ ಎಂದು ಕೇಳುವುದಿಲ್ಲ. ಅವರ ಸ್ಟೂಲಿನ ಮೇಲಿನ ಮೆತ್ತೆಗೆ ಹಾಕಿದ್ದೇನೆ, ಸರಿಯಾಗಿ ಹಿಡಿಸಿದೆ. ಈಗ ಅಲ್ಲಿ ನಾನೇ ಕೂರುತ್ತೇನೆ. ಇನ್ನು ಯಾರೂ ಬಂದು ಕೇಳದೆ ಕೂರುವ ಹಾಗಿಲ್ಲ.

ಅಚ್ಚುಗಳು ಮತ್ತೆ ಬರತೊಡಗಿವೆ. ಡಾಕ್ಟರಮ್ಮ ತಮ್ಮ ಸ್ನೇಹಿತರಿಬ್ಬರಿಗೆ ಹೇಳಿದ್ದಾರೆ. ನಾನು ಎಲ್ಲಿ ಹೋದರೂ ಒಂದೇ ಮಾತು ಕೇಳುತ್ತೇನೆ, ಉತ್ತರ ಬರುವವರೆಗೆ ಕುರ್ಚಿ ಬಿಡುವುದಿಲ್ಲ. ಒಬ್ಬ ಡಾಕ್ಟರು ನನ್ನನ್ನು ಕಂಡ ಕೂಡಲೇ "ಬಂದ್ರಪ್ಪ ಪರೀಕ್ಷೆ ಮಾಡೋರು" ಎನ್ನುತ್ತಾರೆ. ಆದರೆ ಹೇಳುತ್ತಾರೆ.

ತೊಂದರೆ ಇದ್ದದ್ದು ಎರಕದಲ್ಲಿ. ಅದು ನಿನ್ನ ಅಣ್ಣನ ಕೆಲಸವಾಗಿತ್ತು. ನಾನು ಹೊಯ್ದರೆ ಲೋಹ ಅಂಚಿನವರೆಗೆ ತುಂಬುತ್ತಿರಲಿಲ್ಲ, ಕೆಲಸ ಕಡಿಮೆ ಇದ್ದಾಗ ಮತ್ತೆ ಮತ್ತೆ ಹೊಯ್ದು ಹೇಗೋ ಒಂದನ್ನು ಸರಿ ಮಾಡಿ ಕೊಡುತ್ತಿದ್ದೆ. ಈಗ ಅಷ್ಟಕ್ಕೆ ಸಮಯವಿಲ್ಲ. ಹೀಗೇ ಆದರೆ ಬಂದ ಕೆಲಸವನ್ನು ವಾಪಸು ಕಳಿಸಬೇಕಾಗುತ್ತದೆ. ಲ್ಯಾಬಿನವರಿಗೆ ಉತ್ತರ ಕೊಡುವ ಸಮಯವೂ ಬಂದಿತ್ತು. ಇಂದು ಬೆಳಿಗ್ಗೆ ಆ ಕೆಟ್ಟ ಎರಕಗಳನ್ನೂ ಎರಕಕ್ಕೆ ಕಾದಿದ್ದ ಒಂದು ಮೇಣದ ಹಲ್ಲನ್ನೂ ಡಬ್ಬಿಗೆ ಹಾಕಿಕೊಂಡು ದೊಡ್ಡ ರಸ್ತೆಗೆ ಹೋದೆ.

ಯಜಮಾನರು ಬಾಗಿಲಿಗೇ ಬಂದರು. "ಬನ್ನಿ ಬನ್ನಿ, ನಿಮ್ಮ ಜಾಗ ತೋರಿಸ್ತೀನಿ. ಕಿಟಕಿ ಪಕ್ಕಾನೇ ಹಾಕ್ಸಿದ್ದೀನಿ."

"ಜಾಗ ನೋಡೋಕೆ ಬಂದಿಲ್ಲ. ನಿಮ್ಮಲ್ಲಿ ಎರಕ ಹೊಯ್ಯೋರನ್ನ ನೋಡ್ಬೇಕಿತ್ತು."

"ಅವರನ್ನ ಯಾಕೆ?"

"ನನಗೆ ಎರಕ ಬರಲ್ಲ. ನಿಮ್ಮಲ್ಲಿ ಮುಂದಿನ ಹಲ್ಲು ಚೆನ್ನಾಗಿ ಕೆತ್ತೋರು ಇದ್ದಾರಾ?"

ಅವರು ಕಿವಿ ಕೆರೆದುಕೊಂಡರು. "ಇದ್ದಿದ್ರೆ ನಿಮ್ಮನ್ನ ಯಾಕೆ ಕರೀತಿದ್ದೆ?"

"ಮುಂದಿನ ಹಲ್ಲಿನ ಕೆಲಸ ನನಗೆ ಕಳಿಸಿ. ನನ್ನ ಎರಕ ನಿಮ್ಮಲ್ಲಿ ಆಗ್ಲಿ. ಕೆಲಸ ಕಳಿಸಿ ಸ್ವಾಮಿ, ನನ್ನನ್ನ ಕರೀಬೇಡಿ."

ಇಷ್ಟು ಉದ್ದ ಮಾತನ್ನು ಹೊರಗಿನವರ ಎದುರು ನಾನು ಈ ಜನ್ಮದಲ್ಲಿ ಆಡಿರಲಿಲ್ಲ. ಅವರು ಆ ಖಾಲಿ ಬೆಂಚನ್ನು ನೋಡಿದರು, ನನ್ನನ್ನು ನೋಡಿದರು. "ನಿಮ್ಮೆಜಮಾನ್ರೂ ಹೀಗೇ. ಒಂದು ಮಾತಾಡಿದ್ರೆ ಅಲ್ಲಿಗೆ ಮುಗೀತು" ಎಂದು ನಕ್ಕು, ಎರಕದವರನ್ನು ಕೂಗಿದರು.

ಎರಕದವರು ದಪ್ಪ ಕನ್ನಡಕದ, ಕೈಯೆಲ್ಲ ಸುಟ್ಟ ಕಲೆಗಳಿರುವ ಮನುಷ್ಯ. ನನ್ನ ಕೆಟ್ಟ ಎರಕವನ್ನು ನೋಡಲಿಲ್ಲ, ಮೇಣದ ಹಲ್ಲು ಕೇಳಿದರು. ಕೊಟ್ಟೆ. ಉಗುರಿನಿಂದ ಅಂಚು ಸವರಿ ಹೇಳಿದರು: "ಇಲ್ಲಿ ತುಂಬಾ ತೆಳು ಅಮ್ಮ. ಲೋಹ ಇಲ್ಲಿಗೆ ಬರೋಷ್ಟರಲ್ಲಿ ತಣ್ಣಗಾಗಿಬಿಡುತ್ತೆ. ಯಾವಾಗ್ಲೂ ಹೀಗೇ ಕೆತ್ತೋದಾ?"

"ಯಾವಾಗ್ಲೂ ಹೀಗೇ."

"ಹಾಗಾದ್ರೆ ನಿಮ್ಮವರು ಎರಕಕ್ಕೆ ಮೊದಲು ಇಲ್ಲಿ ಒಂದೆಳೆ ಮೇಣ ಹಚ್ತಿದ್ರು. ಆಮೇಲೆ ಉಜ್ಜಿ ತೆಳು ಮಾಡೋರು. ಇಲ್ಲಾಂದ್ರೆ ಒಂದೂ ಸರಿಯಾಗಿ ಬರ್ತಿರ್ಲಿಲ್ಲ. ನಿಮಗೆ ಹೇಳ್ಲಿಲ್ವಾ?"

ಹೇಳಿರಲಿಲ್ಲ ತಂಗಿ. ಊಟಕ್ಕೆ ಕೂತಾಗ ಅಷ್ಟೆಲ್ಲ ಹೇಳಿದವರು ಇದೊಂದನ್ನು ಹೇಳಿರಲಿಲ್ಲ. ನನ್ನ ಕೆತ್ತನೆಯಲ್ಲಿ ಕುಂದಿಲ್ಲ ಎಂದು ನಾನು ಅಂದುಕೊಂಡಿರಲಿ ಎಂದೇ ಇರಬೇಕು. ಎರಕದವರು ಮೇಣದ ಕಡ್ಡಿ ಕಾಯಿಸಿ ನನ್ನ ಕೈಗೆ ಕೊಟ್ಟರು. ಎಲ್ಲಿ, ಎಷ್ಟು ಎಂದು ತೋರಿಸಿದರು. ಅವರ ಮುಂದೆಯೇ ಹಚ್ಚಿದೆ. ಮೊದಲನೆಯದು ದಪ್ಪಗಾಯಿತು, ಕೆರೆದು ಮತ್ತೆ ಹಚ್ಚಿದೆ. ಅವರು ಆ ಕಡೆ ತಿರುಗಿ ಕುಲುಮೆ ನೋಡುತ್ತಾ ನಿಂತರು.

ಒಪ್ಪಂದ ಆಯಿತು. ಬರವಣಿಗೆ ಏನಿಲ್ಲ. ಮೊದಲ ಡಬ್ಬಿ ನಾಳೆ ಬರುತ್ತದೆ. ಕೋಣೆ ಇರುತ್ತದೆ.

ನಿನ್ನ ಅತ್ತಿಗೆ


20 ಫೆಬ್ರವರಿ

ಮುಕ್ಕಿ,

ಇಂದು ಹಿರಿಯ ಡಾಕ್ಟರ ಹೆಂಡತಿ ಬ್ಯಾಂಕಿನ ಸಾಲಿನಲ್ಲಿ ಸಿಕ್ಕಿದರು. ನಾನು ಅವರ ಮುಖ ನೋಡದೆ ಚಪ್ಪಲಿ ನೋಡುತ್ತಾ ನಿಂತೆ. ಅವರೇ ಹತ್ತಿರ ಬಂದು, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದರು: "ನೀವು ಮಾಡಿದ ಹಲ್ಲು ಚೆನ್ನಾಗಿದೆ. ನಿಮ್ಮ ಬಾಯಿ ಚೆನ್ನಾಗಿಲ್ಲ."

"ಎರಡೂ ನಿಜ" ಎಂದೆ.

ಅವರ ತುಟಿ ಒಂದಿಷ್ಟು ಅಲುಗಿತು. ತೆರೆಯಲಿಲ್ಲ. ಅವರ ಕ್ಲಿನಿಕ್ಕಿನ ಕೆಲಸ ವಾಪಸು ಬಂದಿಲ್ಲ, ಬರುತ್ತದೆ ಎಂದು ನಾನು ಕಾಯುತ್ತಲೂ ಇಲ್ಲ. ಅದಿಲ್ಲದೆಯೂ ಬೆಂಚು ತುಂಬಿದೆ. ಸಹಾಯಕಿಯೊಬ್ಬಳನ್ನು ನೋಡಬೇಕು ಎಂದು ನರ್ಸಮ್ಮನೇ ಹೇಳುತ್ತಿದ್ದಾರೆ. ತಮ್ಮ ತಂಗಿಯ ಮಗಳೊಬ್ಬಳಿದ್ದಾಳಂತೆ, ಮಾತು ಕಡಿಮೆಯಂತೆ. ಕಳಿಸಿ ಎಂದಿದ್ದೇನೆ.

ಎರಕದವರು ಲ್ಯಾಬಿನ ಡಬ್ಬಿ ಹಿಡಿದು ತಾವೇ ಬರುತ್ತಾರೆ. ನಿನ್ನೆ ಬಾಗಿಲಲ್ಲಿ ನಿಂತು, ಚಪ್ಪಲಿ ಬಿಡುತ್ತಾ ಕೇಳಿದರು, "ಹೋದ ಸಲದ್ದು ಹೇಗೆ ಕೂತಿದೆ?" ನಾನು ಆ ಮಾತನ್ನು ಊರೆಲ್ಲ ಕೇಳಿಕೊಂಡು ಬಂದಿದ್ದೇನೆ, ನನ್ನನ್ನು ಯಾರೂ ಕೇಳಿರಲಿಲ್ಲ. "ಚೆನ್ನಾಗಿದೆ" ಎಂದೆ. "ಎಲ್ಲಿ ಚೆನ್ನಾಗಿದೆ?" ಎಂದರು.

ಈ ಹೊತ್ತಿಗೆ ನನ್ನ ಹತ್ತಿರ ಹೇಳುವುದು ಬಹಳ ಸೇರಿದೆ. ಕೆನ್ನೆ ಕಚ್ಚಿಕೊಂಡ ಮೇಷ್ಟ್ರು ಈಗ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಸುಮ್ಮನೆ ನಗು ತೋರಿಸಲು ಬರುತ್ತಾರೆ. ಇನ್ನೊಬ್ಬರು ಸೀನಿದ ರಭಸಕ್ಕೆ ಸೆಟ್ಟು ಹಾರಿ ಬೀಗರ ತಟ್ಟೆಗೆ ಬಿದ್ದಿತಂತೆ. ನಾನು ಇದನ್ನೆಲ್ಲ ಹೊರಗೆ ಹೇಳುವುದಿಲ್ಲ. ಮನೆಗೆ ತರುತ್ತೇನೆ. ಊಟಕ್ಕೆ ಕೂತಾಗ ಎದುರು ಯಾರೂ ಇರುವುದಿಲ್ಲ, ಆದ್ದರಿಂದ ತಟ್ಟೆ ತೊಳೆದಿಟ್ಟು ನಿನಗೆ ಬರೆಯುತ್ತೇನೆ.

ಡಾಕ್ಟರಮ್ಮ ಮೊನ್ನೆ ಕೋಣೆ ನೋಡಲು ಬಂದಿದ್ದರು. ಶೆಲ್ಫಿನ ಮೇಲಿನ ನಿನ್ನ ಅಚ್ಚು ಕೈಗೆತ್ತಿಕೊಂಡು, "ಇದು ಯಾರದು? ಯಾವಾಗ ಮಾಡಿ ಕೊಡ್ತೀರಿ?" ಎಂದು ಕೇಳಿದರು. ನಿನ್ನ ಅಣ್ಣ ವರ್ಷಕ್ಕೊಂದು ಸಲ ಅದಕ್ಕೆ ಮೇಣದ ಹಲ್ಲು ತುಂಬುತ್ತಿದ್ದರು, ನೀನು ಒಪ್ಪಲಿಲ್ಲ ಎಂದು ಮತ್ತೆ ಕರಗಿಸುತ್ತಿದ್ದರು. ನಾನು ತುಂಬಿಲ್ಲ.

"ಅದು ಮಾಡೋದಲ್ಲ, ಹಾಗೇ ಇರೋದು" ಎಂದೆ. ಯಾರದು ಎಂದು ಮಾತ್ರ ಹೇಳಲಿಲ್ಲ. ಅಷ್ಟು ಪಾಠ ಕಲಿತಿದ್ದೇನೆ.

ಆ ಹೊಲಿಗೆ ಯಂತ್ರದ ಹೆಂಗಸು ಈಗ ಏನು ಹೊಲಿಯುತ್ತಿದ್ದಾಳೆ? ಚೆನ್ನಾಗಿ ಹೊಲಿಯುತ್ತಿದ್ದಾಳೆ ಎಂದು ಬರೆದರೆ ನಂಬುವುದಿಲ್ಲ. ಭಾನುವಾರ ಬಂದು ಹೇಳು. ಕನ್ನಡಕ ಡ್ರಾಯರಿನಲ್ಲೇ ಇದೆ, ಒರೆಸದೆ ಇಟ್ಟಿದ್ದೇನೆ.

ನಿನ್ನ ಅತ್ತಿಗೆ